ಮ್ಯಾಟರ್‌ಹಾರ್ನ್, ಮೂರು ಹಗ್ಗ ಮತ್ತು ಎಡ್ವರ್ಡ್ ವಿಂಪರ್

ನಮ್ಮ ಹಾಸ್ಟೆಲ್ ರೂಮಿನ ಲ್ಯಾಪ್‌ಟಾಪಲ್ಲಿ ಸ್ವಿಸ್ ಪ್ಲಾನ್ ಅಂತ ಒಂದು ಎಕ್ಸೆಲ್ ಶೀಟ್ ಉಂಟು. ಕೆಲಸ ಸಿಕ್ಕಿದ ಎರಡನೇ ವರ್ಷ ನಾವು ನಾಲ್ಕು ಜನ ಸ್ವಿಟ್ಜರ್ಲೆಂಡಿಗೆ ಹೋಗುವುದು, ಸಿನಿಮಾ ಹಾಡಿನ ಜಾಗ ನೋಡುವುದಕ್ಕಲ್ಲ, ಬೆಟ್ಟ ನಡೆಯುವುದಕ್ಕೆ ಅಂತ ತೀರ್ಮಾನ ಆಗಿದೆ. ಕರ್ನಾಟಕದ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಮಾತ್ರ ದೊಡ್ಡದಾದ ದೇಶ. ಎಲ್ಲಿ ನೋಡಿದರೂ ಬೆಟ್ಟ, ಬೆಟ್ಟಕ್ಕೆ ರೈಲು. ವೀಸಾ, ಟ್ರೈನ್ ಪಾಸ್, ಶೂ, ಮಳೆ ಜಾಕೆಟ್ ಎಲ್ಲದಕ್ಕೂ ಒಂದೊಂದು ಕಾಲಂ ಮಾಡಿದ್ದೇವೆ. ದುಡ್ಡಿನ ಕಾಲಂ ಒಂದು ಬಿಟ್ಟು ಮತ್ತೆಲ್ಲ ತುಂಬಿದೆ.

ಮೂರನೇ ದಿನದ ಸಾಲಲ್ಲಿ ಝೆರ್ಮಾಟ್ ಅಂತ ಬರೆದಿತ್ತು. ಪೆಟ್ರೋಲ್ ಕಾರಿಗೆ ಪ್ರವೇಶವೇ ಇಲ್ಲದ ಊರು ಅದು. ಟೋಬ್ಲರೋನ್ ಚಾಕಲೇಟ್ ಪೊಟ್ಟಣದ ಮೇಲೆ ಬಹಳ ವರ್ಷ ಇದ್ದ ಆ ಚೂಪು ಬೆಟ್ಟ ನೋಡಿದ್ದೀರಲ್ಲ, ಮ್ಯಾಟರ್‌ಹಾರ್ನ್, ಅದು ಈ ಊರಿನ ತಲೆಯ ಮೇಲೆಯೇ ನಿಂತಿದೆ. ಎತ್ತರ 4,478 ಮೀಟರ್. ನಮ್ಮ ಕುಮಾರ ಪರ್ವತ 1,712 ಮೀಟರ್. ಅದನ್ನು ಹತ್ತಿ ಇಳಿದ ಮಾರನೇ ದಿನ ಕ್ಲಾಸಲ್ಲಿ ಕೂತುಕೊಳ್ಳುವುದಕ್ಕೂ ಆಗದಿದ್ದ ನಾನು ಈ ಬೆಟ್ಟವನ್ನು ಮೊದಲು ಹತ್ತಿದವರು ಯಾರಿರಬಹುದು ಅಂತ ಹುಡುಕಿದೆ. ಹಾಗೆ ಸಿಕ್ಕಿದವನು ಎಡ್ವರ್ಡ್ ವಿಂಪರ್. ಅವನ ಬಗ್ಗೆ ಓದಿದ ಮೇಲೆ ನಮ್ಮ ಶೀಟಿನ ಬಗ್ಗೆ ನನಗಿದ್ದ ಹೆಮ್ಮೆ ಸ್ವಲ್ಪ ಇಳಿಯಿತು. ಅವನೂ ನಮ್ಮ ಹಾಗೆಯೇ ಪ್ಲಾನ್ ಮಾಡುವವನು, ನಮಗಿಂತ ನೂರು ಪಟ್ಟು ಚೆನ್ನಾಗಿ.

ವಿಂಪರ್ ಹುಟ್ಟಿದ್ದು 1840ರ ಏಪ್ರಿಲ್ 27ರಂದು, ಲಂಡನ್ನಿನಲ್ಲಿ. ಮನೆ ತುಂಬ ಮಕ್ಕಳು, ಒಟ್ಟು ಹನ್ನೊಂದು ಜನ, ಇವನು ಎರಡನೆಯವನು. ಅಪ್ಪ ಮರದ ಅಚ್ಚು ಕೆತ್ತುವವರು. ಫೋಟೋವನ್ನು ನೇರವಾಗಿ ಪುಸ್ತಕದಲ್ಲಿ ಅಚ್ಚು ಹಾಕುವ ತಂತ್ರ ಆಗ ಬಂದಿರಲಿಲ್ಲ. ಚಿತ್ರ ಬೇಕಾದರೆ ಗಟ್ಟಿ ಮರದ ತುಂಡಿನ ಮೇಲೆ ಗೆರೆ ಗೆರೆಯಾಗಿ ಕೆತ್ತಿ ಮಸಿ ಹಚ್ಚಿ ಒತ್ತಬೇಕಿತ್ತು. ಹುಡುಗನನ್ನು ಹದಿನಾಲ್ಕರ ವಯಸ್ಸಿಗೆ ಶಾಲೆ ಬಿಡಿಸಿ ಈ ಕೆಲಸಕ್ಕೆ ಕೂರಿಸಿದರು. ಅವನಿಗೆ ಉತ್ತರ ಧ್ರುವಕ್ಕೆ ಹೋಗುವ ಕನಸು. ಸಿಕ್ಕಿದ್ದು ಉಳಿ ಮತ್ತು ಮರದ ತುಂಡು. ಆದರೂ ಈ ಕೆಲಸ ಅವನಿಗೆ ಒಂದು ಗುಣ ಕೊಟ್ಟಿತು ಅಂತ ನನಗನಿಸುತ್ತದೆ. ಒಂದು ಗೆರೆ ತಪ್ಪಿದರೆ ಇಡೀ ಬ್ಲಾಕ್ ಹೋಯಿತು, ಅನ್‌ಡೂ ಬಟನ್ ಇಲ್ಲ. ಹಾಗಾಗಿ ಅವನು ಏನನ್ನೇ ನೋಡಿದರೂ ಅಳತೆ ಮಾಡಿಯೇ ನೋಡುತ್ತಿದ್ದ.

1860ರಲ್ಲಿ ಲಾಂಗ್‌ಮನ್ ಎಂಬ ಪ್ರಕಾಶಕರು ಆಲ್ಪ್ಸ್ ಬೆಟ್ಟಗಳ ಚಿತ್ರ ಬರೆದುಕೊಂಡು ಬಾ ಅಂತ ಇವನನ್ನು ಕಳಿಸಿದರು. ವಯಸ್ಸು ಇಪ್ಪತ್ತು. ಅಲ್ಲಿವರೆಗೆ ಅವನು ಒಂದು ದೊಡ್ಡ ಬೆಟ್ಟ ಕಂಡವನಲ್ಲ. ಚಿತ್ರ ಬರೆಯಲು ಹೋದವನು ಹತ್ತುವ ಹುಚ್ಚು ಹತ್ತಿಸಿಕೊಂಡು ಬಂದ. ಮರುವರ್ಷ ಫ್ರಾನ್ಸಿನ ಪೆಲ್ವೂ ಹತ್ತಿದ, ಅದೇ ವರ್ಷ ಮ್ಯಾಟರ್‌ಹಾರ್ನಿಗೂ ಕೈ ಹಾಕಿದ.

ಆಗ ಆಲ್ಪ್ಸಿನ ದೊಡ್ಡ ಬೆಟ್ಟಗಳನ್ನೆಲ್ಲ ಒಂದೊಂದಾಗಿ ಇಂಗ್ಲಿಷಿನವರು ಸ್ಥಳೀಯ ಗೈಡುಗಳ ಜೊತೆ ಹತ್ತಿ ಮುಗಿಸುತ್ತಿದ್ದರು. ಮ್ಯಾಟರ್‌ಹಾರ್ನ್ ಒಂದು ಉಳಿದಿತ್ತು. ಅದರ ತುದಿಯಲ್ಲಿ ಭೂತಗಳಿವೆ ಅಂತ ಕಣಿವೆಯ ಜನ ನಂಬುತ್ತಿದ್ದರಂತೆ. ತುಳುನಾಡಿನವರಾದ ನಮಗೆ ಇದರಲ್ಲಿ ಆಶ್ಚರ್ಯ ಎಂತದೂ ಇಲ್ಲ. ಬೆಟ್ಟದ ಒಂದು ಕಡೆ ಸ್ವಿಟ್ಜರ್ಲೆಂಡಿನ ಝೆರ್ಮಾಟ್, ಇನ್ನೊಂದು ಕಡೆ ಇಟಲಿಯ ಬ್ರೊಯಿ. ಹೆಚ್ಚಿನವರು ಇಟಲಿಯ ಕಡೆಯಿಂದಲೇ ಪ್ರಯತ್ನ ಮಾಡುತ್ತಿದ್ದರು, ಯಾಕೆಂದರೆ ಝೆರ್ಮಾಟಿನ ಕಡೆಯಿಂದ ಅದು ನೆಟ್ಟಗೆ ಗೋಡೆಯ ಹಾಗೆ ಕಾಣುತ್ತದೆ.

ಇಟಲಿ ಕಡೆ ಜ್ಯಾಂ-ಅಂತ್ವಾನ್ ಕರೆಲ್ ಅಂತ ಒಬ್ಬ ಇದ್ದ. ಸೈನ್ಯದಲ್ಲಿದ್ದು ಬಂದವನು, ಬೇಟೆಗಾರ, ಆ ಕಣಿವೆಯಲ್ಲಿ ಅವನಿಗೆ ಸಮನಾದ ಬಂಡೆ ಹತ್ತುವವನಿರಲಿಲ್ಲ. ಇಟಲಿ ಒಂದು ದೇಶ ಅಂತ ಆದದ್ದೇ 1861ರಲ್ಲಿ. ಆ ಬೆಟ್ಟವನ್ನು ತನ್ನ ಊರಿನ ಕಡೆಯಿಂದ, ತನ್ನ ದೇಶಕ್ಕಾಗಿ ಹತ್ತಬೇಕು ಅನ್ನುವುದು ಅವನ ಹಟ. ವಿಂಪರ್ ಅವನನ್ನು ಸಂಬಳಕ್ಕೆ ಕರೆಯುವುದು, ಅವನು ಒಮ್ಮೆ ಬರುವುದು, ಒಮ್ಮೆ ಕೈಕೊಡುವುದು ಹೀಗೆ ನಾಲ್ಕು ವರ್ಷ ನಡೆಯಿತು. ಜೊತೆಯಲ್ಲಿ ಲ್ಯೂಕ್ ಮೇನೆ ಎಂಬ ಬೆನ್ನು ಗೂನಾದ ಒಬ್ಬ ಬಡವ ಟೆಂಟ್ ಹೊರುತ್ತಿದ್ದ. ವಿಂಪರ್ ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ, ಆದರೆ ಇವನ ಬಗ್ಗೆ ಮಾತ್ರ ಪ್ರೀತಿಯಿಂದ ಬರೆದಿದ್ದಾನೆ.

ನಮಗೆ ಹೆಸರಿನಿಂದ ಗೊತ್ತಿರುವ ಇನ್ನೊಬ್ಬರು ಇಲ್ಲಿ ಬರುತ್ತಾರೆ. ಪಿಯುಸಿಯಲ್ಲಿ ಟಿಂಡಾಲ್ ಎಫೆಕ್ಟ್ ಓದಿದ್ದೇವಲ್ಲ, ಅದೇ ಜಾನ್ ಟಿಂಡಾಲ್. ಭೌತವಿಜ್ಞಾನಿ ಆಗಿದ್ದ ಹಾಗೆಯೇ ಗಟ್ಟಿ ಪರ್ವತಾರೋಹಿಯೂ ಆಗಿದ್ದರು. 1862ರಲ್ಲಿ ಅವರು ಮ್ಯಾಟರ್‌ಹಾರ್ನಿಗೆ ಬಂದಾಗ ವಿಂಪರ್ ತನ್ನ ಟೆಂಟನ್ನೇ ಅವರಿಗೆ ಬಿಟ್ಟುಕೊಟ್ಟ. ಅವರು ತನಗಿಂತ ಮೊದಲು ತುದಿ ಮುಟ್ಟಿಯಾರು ಅಂತ ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡೇ ಕೊಟ್ಟಿರಬೇಕು. ಟಿಂಡಾಲ್ ತುದಿಗೆ ಸ್ವಲ್ಪ ಕೆಳಗಿನ ಭುಜದವರೆಗೆ ಹೋಗಿ ಹಿಂದಿರುಗಿದರು. ಆ ಭುಜಕ್ಕೆ ಇವತ್ತಿಗೂ ಅವರದೇ ಹೆಸರು.

ಆ ಟೆಂಟಿನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು, ಯಾಕೆಂದರೆ ಅದು ವಿಂಪರ್ ತಾನೇ ಡಿಸೈನ್ ಮಾಡಿದ್ದು. ನಾಲ್ಕು ಮರದ ಕೋಲು, ಪ್ರತಿಯೊಂದು ಸುಮಾರು ಆರೂವರೆ ಅಡಿ, ತುದಿಗೆ ಕಬ್ಬಿಣದ ಮೊಳೆ. ಎರಡೆರಡನ್ನು ಮೇಲೆ ಜೋಡಿಸಿದರೆ ಇಂಗ್ಲಿಷಿನ ಎ ಅಕ್ಷರದ ಹಾಗೆ ಎರಡು ಚೌಕಟ್ಟು. ನೀರು ಹಿಡಿಯದ ಮ್ಯಾಕಿಂಟಾಷ್ ಬಟ್ಟೆಯ ನೆಲವನ್ನು ಗೋಡೆಗೇ ಹೊಲಿದುಬಿಟ್ಟಿದ್ದ, ಕೆಳಗಿಂದ ಗಾಳಿ ನುಗ್ಗುವ ಪ್ರಶ್ನೆಯೇ ಇಲ್ಲ. ನಾಲ್ಕು ಜನ ಮಲಗಬಹುದು, ಒಬ್ಬನೇ ಹೊರಬಹುದು, ತೂಕ ಹತ್ತು ಕಿಲೋ ಚಿಲ್ಲರೆ. ಅವನ ಹೆಸರಿನಲ್ಲೇ ಆ ಟೆಂಟನ್ನು ಮುಂದೆ ಎಷ್ಟೋ ದಶಕ ಬಳಸಿದರು. ಒಬ್ಬನೇ ಇಳಿಯುವಾಗ ಹಗ್ಗ ಮೇಲೆಯೇ ಉಳಿದುಹೋಗಬಾರದು ಅಂತ ಕೊಕ್ಕೆ, ಬಳೆ ಎಲ್ಲ ಸೇರಿಸಿ ಕೆಳಗಿಂದ ಎಳೆದರೆ ಬಿಡಿಸಿಕೊಳ್ಳುವ ಒಂದು ಉಪಾಯವನ್ನೂ ಮಾಡಿಕೊಂಡಿದ್ದ.

ಅದೇ 1862ರ ಜುಲೈಯಲ್ಲಿ ಒಬ್ಬನೇ ಹತ್ತಿ, ಆವರೆಗೆ ಯಾರೂ ತಲುಪದ ಎತ್ತರ ಮುಟ್ಟಿ, ಇಳಿಯುವಾಗ ಕಾಲು ಜಾರಿ ಬಿದ್ದ. ಸುಮಾರು ಇನ್ನೂರು ಅಡಿ, ಬಂಡೆಯಿಂದ ಬಂಡೆಗೆ ಚೆಂಡಿನ ಹಾಗೆ. ಪ್ರಪಾತದ ಅಂಚಿನಲ್ಲಿ ಹೇಗೋ ನಿಂತ. ತಲೆಯಿಂದ ರಕ್ತ ಚಿಮ್ಮುತ್ತಿತ್ತು, ಹಿಮದ ಉಂಡೆ ಒತ್ತಿಕೊಂಡು ತೆವಳಿ ಇಳಿದ. ವಾರ ಕಳೆಯುವ ಮೊದಲೇ ಮತ್ತೆ ಅದೇ ಬೆಟ್ಟಕ್ಕೆ ಹೊರಟ. ಇದನ್ನು ಧೈರ್ಯ ಅನ್ನಬೇಕೋ ಮಂಡೆ ಸರಿಯಿಲ್ಲ ಅನ್ನಬೇಕೋ ನೀವೇ ಹೇಳಿ.

ಏಳು ಸಲ ಸೋತ ಮೇಲೂ ಅವನು ಬರೀ ಹಟದಿಂದ ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ, ಬೆಟ್ಟವನ್ನು ಸುತ್ತ ತಿರುಗಿ ನೋಡಿದ. ಎರಡು ವಿಷಯ ಗಮನಕ್ಕೆ ಬಂತು. ಒಂದು, ಝೆರ್ಮಾಟಿನಿಂದ ನೆಟ್ಟಗೆ ಕಾಣುವ ಪೂರ್ವದ ಮುಖ ಬದಿಯಿಂದ ನೋಡಿದರೆ ಬರೀ ನಲವತ್ತು ಡಿಗ್ರಿ ಇಳಿಜಾರು. ಎದುರಿನಿಂದ ನೋಡುವ ಕಣ್ಣಿಗೆ ಮೋಸ ಆಗುತ್ತಿತ್ತು, ಅಷ್ಟೇ. ಇನ್ನೊಂದು, ಬೆಟ್ಟದ ಶಿಲಾಪದರಗಳು ಒಂದು ಬದಿಗೆ ವಾಲಿವೆ. ಇಟಲಿಯ ಕಡೆ ಆ ಪದರಗಳ ಅಂಚು ಹೊರಕ್ಕೆ ಇಳಿಜಾರಾಗಿ, ಮಾಡಿನ ಹಂಚಿನ ಹಾಗೆ, ಕಾಲಿಟ್ಟರೆ ಜಾರುತ್ತದೆ. ಹಾಗಾದರೆ ಸ್ವಿಸ್ ಕಡೆ ಅದೇ ಪದರಗಳು ಒಳಕ್ಕೆ ವಾಲಿ ಮೆಟ್ಟಿಲಿನ ಹಾಗೆ ಇರಲೇಬೇಕು. ಎಲ್ಲರೂ ಸುಲಭ ಅಂದುಕೊಂಡ ದಾರಿ ಕಷ್ಟ, ಅಸಾಧ್ಯ ಅಂದುಕೊಂಡದ್ದು ಸುಲಭ. ಸಿವಿಲ್ ಓದುವವರಿಗೆ ಸ್ಟ್ರೈಕ್, ಡಿಪ್ ಅಂತ ಬೋರ್ಡಿನ ಮೇಲೆ ಬರೆದರೆ ನಿದ್ದೆ ಬರುತ್ತದೆ. ಈ ಹುಡುಗ ಕಾಲೇಜಿನ ಮೆಟ್ಟಿಲೇ ಹತ್ತದೆ ಅದನ್ನು ಬೆಟ್ಟ ನೋಡಿ ಲೆಕ್ಕ ಹಾಕಿದ.

1865ರ ಬೇಸಿಗೆಗೆ ಅವನ ಪ್ಲಾನ್ ಈಗಿನ ಯಾವ ಪ್ರಾಜೆಕ್ಟ್ ಮ್ಯಾನೇಜರಿಗೂ ಕಡಿಮೆ ಇಲ್ಲ. ಯಾವ ದಿನ ಯಾವ ಕಣಿವೆ, ಯಾವ ಬೆಟ್ಟ, ಜೊತೆಗೆ ಯಾವ ಗೈಡ್ ಎಲ್ಲ ಮೊದಲೇ ಬರೆದಿಟ್ಟಿದ್ದ. ಮಿಷೆಲ್ ಕ್ರೋ ಎಂಬ ಶಮೊನಿಯ ಗೈಡು, ಕ್ರಿಶ್ಚಿಯನ್ ಆಲ್ಮರ್, ಫ್ರಾಂಜ್ ಬೀನರ್ ಜೊತೆಗಿದ್ದರು. ಜೂನ್ ತಿಂಗಳ ಕೆಲವೇ ವಾರಗಳಲ್ಲಿ ಗ್ರಾಂ ಕಾರ್ನಿಯೇ, ಗ್ರಾಂಡ್ ಜೊರಾಸಿನ ಒಂದು ಶಿಖರ, ಎಗುಯ್ ವೆರ್ತ್ ಹೀಗೆ ಯಾರೂ ಹತ್ತದ ಬೆಟ್ಟಗಳನ್ನು ಹತ್ತಿದರು. ಒಂದು ದೊಡ್ಡ ಅಪಘಾತ ಇಲ್ಲ.

ಮ್ಯಾಟರ್‌ಹಾರ್ನಿನ ಹೊತ್ತಿಗೆ ಪ್ಲಾನ್ ಕೈಬಿಟ್ಟಿತು. ಕ್ರೋ ಬೇರೆಯವರಿಗೆ ಮೊದಲೇ ಮಾತು ಕೊಟ್ಟಿದ್ದರಿಂದ ಹೊರಟುಹೋದ. ಜುಲೈ 11ರಂದು ಬ್ರೊಯಿಯಲ್ಲಿದ್ದಾಗ ಗೊತ್ತಾಯಿತು, ಕರೆಲ್ ಇಟಲಿಯವರ ತಂಡ ಕಟ್ಟಿಕೊಂಡು ಗುಟ್ಟಾಗಿ ಬೆಟ್ಟಕ್ಕೆ ಹೊರಟಿದ್ದಾನೆ ಅಂತ. ವಿಂಪರಿಗೆ ಟೆಂಟ್ ಹೊರುವುದಕ್ಕೂ ಜನ ಇಲ್ಲ. ಅಷ್ಟರಲ್ಲಿ ಲಾರ್ಡ್ ಫ್ರಾನ್ಸಿಸ್ ಡಗ್ಲಸ್ ಎಂಬ ಹದಿನೆಂಟರ ಹುಡುಗ ಆ ಕಡೆಯಿಂದ ಬಂದ. ಇಬ್ಬರೂ ಸೇರಿ ಮರುದಿನ ತಿಯೊಡುಲ್ ಕಣಿವೆ ದಾಟಿ ಝೆರ್ಮಾಟಿಗೆ ಓಡಿದರು, ಅಲ್ಲಿ ಪೀಟರ್ ಟೌಗ್‌ವಾಲ್ಡರ್ ಎಂಬ ಹಿರಿಯ ಗೈಡನ್ನು ಗೊತ್ತುಮಾಡಿಕೊಂಡರು. ಮಾಂಟೆ ರೋಸಾ ಹೋಟೆಲಿನಲ್ಲಿ ನೋಡಿದರೆ ಅದೇ ಕ್ರೋ ಕೂತಿದ್ದಾನೆ! ಪಾದ್ರಿ ಚಾರ್ಲ್ಸ್ ಹಡ್ಸನ್ ಅವನನ್ನು ಕರೆದುಕೊಂಡು ಮರುದಿನವೇ ಮ್ಯಾಟರ್‌ಹಾರ್ನಿಗೆ ಹೊರಡುವವರು. ಹಡ್ಸನ್ ಜೊತೆ ಡಗ್ಲಸ್ ಹಾಡೊ ಅಂತ ಹತ್ತೊಂಬತ್ತರ ಒಬ್ಬ. ಬೆಟ್ಟದ ಅನುಭವ ಅವನಿಗೆ ಬಹಳ ಕಡಿಮೆ. ವಿಂಪರ್ ಅವನ ಬಗ್ಗೆ ವಿಚಾರಿಸಿದ, ಮಾಂಟ್ ಬ್ಲಾಂಕ್ ಬೇಗ ಹತ್ತಿ ಇಳಿದಿದ್ದಾನೆ ಅಂತ ಹಡ್ಸನ್ ಹೇಳಿದ ಮೇಲೆ ಒಪ್ಪಿದ. ಆ ರಾತ್ರಿಯೇ ಎರಡೂ ತಂಡ ಒಂದಾಯಿತು.

ವರ್ಷಗಟ್ಟಲೆ ಕೂತು ಮಾಡಿದ ಪ್ಲಾನ್ ಒಂದು ಕಡೆ, ಒಂದೇ ರಾತ್ರಿಯಲ್ಲಿ ಕಟ್ಟಿದ ತಂಡ ಇನ್ನೊಂದು ಕಡೆ. ಲೀಡರ್ ಯಾರು? ವಿಂಪರೋ ಹಡ್ಸನ್ನೋ ಅಂತ ಯಾರೂ ತೀರ್ಮಾನ ಮಾಡಲಿಲ್ಲ. ಸಬ್‌ಮಿಷನ್ ಹಿಂದಿನ ದಿನ ಎರಡು ಬ್ಯಾಚ್ ಸೇರಿಸಿ ಮಿನಿ ಪ್ರಾಜೆಕ್ಟ್ ಮಾಡಿದವರಿಗೆ ಇದು ಅರ್ಥ ಆಗುತ್ತದೆ.

ಜುಲೈ 13ರ ಬೆಳಗ್ಗೆ ಐದೂವರೆಗೆ ಹೊರಟರು. ಕ್ರೋ, ಹಡ್ಸನ್, ಹಾಡೊ, ಡಗ್ಲಸ್, ವಿಂಪರ್, ಹಿರಿಯ ಟೌಗ್‌ವಾಲ್ಡರ್, ಅವನ ಮಗ ಕಿರಿಯ ಪೀಟರ್, ತುದಿಯವರೆಗೆ ಹೋದವರು ಈ ಏಳು ಜನ. ವಿಂಪರ್ ಲೆಕ್ಕ ಹಾಕಿದ್ದು ಸರಿಯೇ ಇತ್ತು. ಗೋಡೆ ಅಂತ ಎಲ್ಲರೂ ಹೆದರಿದ್ದ ಕಡೆ ಮೆಟ್ಟಿಲಿನ ಹಾಗೆ ನಡೆದುಕೊಂಡೇ ಹೋದರು. ರಾತ್ರಿ ಟೆಂಟಿನಲ್ಲಿ ಕಳೆದು, 14ರ ಮಧ್ಯಾಹ್ನ 1 ಗಂಟೆ 40 ನಿಮಿಷಕ್ಕೆ ತುದಿ. ಕೊನೆಯ ಸ್ವಲ್ಪ ದೂರ ಕ್ರೋ ಮತ್ತು ವಿಂಪರ್ ಹಗ್ಗ ಬಿಚ್ಚಿಕೊಂಡು ಓಟ ಓಡಿದರಂತೆ. ಹಿಮದಲ್ಲಿ ಯಾರ ಹೆಜ್ಜೆಯೂ ಇಲ್ಲ. ಕೆಳಗೆ ಬಹಳ ದೂರದಲ್ಲಿ ಇಟಲಿಯ ಕಡೆ ಕರೆಲ್ ತಂಡ ಚುಕ್ಕಿಯ ಹಾಗೆ ಕಂಡಿತು. ಕೂಗಿದರು, ಕೇಳಲಿಲ್ಲ ಅಂತ ಕಲ್ಲು ಉರುಳಿಸಿದರು. ಕರೆಲ್ ಹಿಂದಿರುಗಿದ. ಟೆಂಟಿನ ಕೋಲು ನೆಟ್ಟು ಕ್ರೋನ ಅಂಗಿಯನ್ನೇ ಬಾವುಟ ಮಾಡಿದರು. ಒಂದು ಗಂಟೆ ಮೇಲಿದ್ದರು.

ಇನ್ನು ಹಗ್ಗದ ವಿಷಯ. ಅವರ ಹತ್ತಿರ ಮೂರು ತರದ ಹಗ್ಗ ಇತ್ತು. ಒಂದು ಆಲ್ಪೈನ್ ಕ್ಲಬ್ ಒಪ್ಪಿದ ಮನಿಲಾ ನಾರಿನದ್ದು. ಇನ್ನೊಂದು ಅದಕ್ಕಿಂತ ದಪ್ಪ. ಮೂರನೆಯದು ಹಳೆಯ ತೆಳು ಹಗ್ಗ, ಕಷ್ಟದ ಜಾಗದಲ್ಲಿ ಬಂಡೆಗೆ ಕಟ್ಟಿ ಹಿಡಿದುಕೊಂಡು ಇಳಿಯಲು, ಬೇಕಾದರೆ ಅಲ್ಲೇ ಬಿಟ್ಟು ಬರಲು ಅಂತ ತಂದದ್ದು. ಹಗ್ಗಗಳು ವಿಂಪರಿನವು. ಇಳಿಯುವಾಗ ಕಷ್ಟದ ಕಡೆ ಹಗ್ಗ ಕಟ್ಟೋಣ ಅಂತ ಅವನೇ ಹಡ್ಸನ್‌ಗೆ ಹೇಳಿದ್ದ, ಅವರು ಒಪ್ಪಿದ್ದರು, ಆದರೆ ಯಾರೂ ಕಟ್ಟಲಿಲ್ಲ. ಉಳಿದವರು ಸಾಲಾಗಿ ಹಗ್ಗ ಕಟ್ಟಿಕೊಳ್ಳುವಾಗ ವಿಂಪರ್ ತುದಿಯಲ್ಲಿ ಚಿತ್ರ ಬರೆಯುತ್ತಿದ್ದ. ಆಮೇಲೆ ಎಲ್ಲರ ಹೆಸರು ಬರೆದು ಬಾಟಲಿಯಲ್ಲಿ ಹಾಕಿಟ್ಟು, ಕಿರಿಯ ಪೀಟರನ ಜೊತೆ ಹಿಂದಿನಿಂದ ಇಳಿದು ಬಂದ. ಸ್ವಲ್ಪ ಹೊತ್ತಿಗೆ ಡಗ್ಲಸ್ ಕೇಳಿಕೊಂಡ, ಯಾರಾದರೂ ಜಾರಿದರೆ ಹಿರಿಯ ಪೀಟರ್ ಒಬ್ಬನಿಂದ ಹಿಡಿಯಲು ಆಗಲಿಕ್ಕಿಲ್ಲ, ನೀವೂ ಅವನ ಹಗ್ಗಕ್ಕೆ ಸೇರಿಕೊಳ್ಳಿ ಅಂತ. ವಿಂಪರ್ ಸೇರಿಕೊಂಡ. ಏಳೂ ಜನ ಒಂದೇ ಸಾಲು.

ಮೂರು ಗಂಟೆ ಸುಮಾರಿಗೆ ಹಾಡೊ ಜಾರಿದ. ಕೆಳಗೆ ನಿಂತು ಅವನ ಪಾದವನ್ನು ಒಂದೊಂದಾಗಿ ಸರಿಯಾದ ಜಾಗಕ್ಕೆ ಇಡಿಸುತ್ತಿದ್ದ ಕ್ರೋನ ಬೆನ್ನಿಗೆ ಬಿದ್ದ. ಇಬ್ಬರ ಭಾರಕ್ಕೆ ಹಡ್ಸನ್, ಹಡ್ಸನ್ ಹಿಂದೆಯೇ ಡಗ್ಲಸ್. ಮೇಲೆ ಹಿರಿಯ ಪೀಟರ್ ಬಂಡೆ ತಬ್ಬಿ ನಿಂತ, ವಿಂಪರ್ ಕಾಲೂರಿದ. ಎಳೆತ ಬಂತು. ಡಗ್ಲಸ್ ಮತ್ತು ಹಿರಿಯ ಪೀಟರ್ ನಡುವೆ ಹಗ್ಗ ತುಂಡಾಯಿತು. ನಾಲ್ಕು ಜನ ಸುಮಾರು ಸಾವಿರದ ಇನ್ನೂರು ಮೀಟರ್ ಕೆಳಗಿನ ಹಿಮನದಿಗೆ ಬಿದ್ದರು. ಉಳಿದ ಮೂವರು ಅರ್ಧ ಗಂಟೆ ಅಲುಗಾಡಲೂ ಆಗದೆ ಅಲ್ಲೇ ನಿಂತಿದ್ದರು.

ತುಂಡಾದದ್ದು ಮೂರನೇ ಹಗ್ಗ, ತೆಳುವಾದದ್ದು. ಗಟ್ಟಿ ಹಗ್ಗ ಆಗಲೂ ಬೇಕಾದಷ್ಟು ಉಳಿದಿತ್ತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಆಲಂಕಾರಿನ ನಮ್ಮ ತೋಟ. ಮಳೆಗಾಲಕ್ಕೆ ಅಡಿಕೆಗೆ ಮದ್ದು ಬಿಡಲು ಮರ ಹತ್ತುವವರು ಬರುತ್ತಾರೆ. ಕಾಲಿಗೆ ಹಾಕುವ ತಳೆ, ಮೇಲೆ ಕೂರುವ ಹಗ್ಗ ಎಲ್ಲ ಅವರವರದ್ದೇ. ಯಾರದ್ದನ್ನೂ ಯಾರೂ ಮುಟ್ಟುವ ಹಾಗಿಲ್ಲ. ನಮ್ಮಲ್ಲಿಗೆ ಬರುವವರು ಪ್ರತಿ ದಿನ ಬೆಳಗ್ಗೆ ಹಗ್ಗವನ್ನು ಮೊಳ ಮೊಳ ಕೈಯಲ್ಲಿ ಹಿಡಿದು ತಿರುಚಿ ನೋಡಿಯೇ ಹತ್ತುವುದು. ಚಾ ತಣಿದು ಹೋಗುತ್ತದೆ ಅಂತ ಅಜ್ಜಿ ಕೂಗಿದರೂ ಅದು ಮುಗಿಯದೆ ಬರುವುದಿಲ್ಲ. ಚಿಕ್ಕವನಿದ್ದಾಗ ನನಗೆ ಅದು ಸಮಯ ಕಳೆಯುವ ಉಪಾಯದ ಹಾಗೆ ಕಾಣುತ್ತಿತ್ತು.

ಸ್ವಲ್ಪ ಲೆಕ್ಕವೂ ಇರಲಿ. ನಾಲ್ಕು ಜನ ಅಂದರೆ ಹತ್ತಿರ ಹತ್ತಿರ ಮುನ್ನೂರು ಕಿಲೋ ಅಂದುಕೊಳ್ಳಿ. ಅಷ್ಟು ಭಾರವನ್ನು ನೇತುಹಾಕುವುದು ಬೇರೆ, ಅಷ್ಟು ಭಾರ ಬಿದ್ದು ಬಂದು ಎಳೆಯುವುದು ಬೇರೆ. ಬೀಳುವಾಗ ಬಂದ ಶಕ್ತಿಯನ್ನೆಲ್ಲ ಹಗ್ಗ ತಾನು ಹಿಗ್ಗುವ ದೂರದೊಳಗೆ ನುಂಗಬೇಕು. ಹಿಗ್ಗು ಕಡಿಮೆ ಆದಷ್ಟು ಬಲ ಜಾಸ್ತಿ. ನಾರಿನ ಹಗ್ಗ ಹಿಗ್ಗುವುದೇ ಕಡಿಮೆ, ಅದಕ್ಕೇ ಅದು ಸ್ಥಿರ ಭಾರದ ಎಷ್ಟೋ ಪಟ್ಟು ಬಲ ತಿನ್ನುತ್ತದೆ. ಈಗಿನ ನೈಲಾನ್ ಹಗ್ಗ ರಬ್ಬರಿನ ಹಾಗೆ ಹಿಗ್ಗಲೆಂದೇ ಮಾಡಿದ್ದು. 80 ಕಿಲೋ ತೂಕವನ್ನು ಬೀಳಿಸಿ ಪರೀಕ್ಷೆ ಮಾಡಿದಾಗ ಬಲ 12 ಕಿಲೋನ್ಯೂಟನ್ ಮೀರಬಾರದು ಅನ್ನುವ ನಿಯಮ ಈಗ ಉಂಟು. ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ದಿನ ಗಟ್ಟಿ ಹಗ್ಗವೇ ಇದ್ದಿದ್ದರೆ ನಾಲ್ವರೂ ಉಳಿಯುತ್ತಿದ್ದರೋ, ಅಥವಾ ಏಳೂ ಜನ ಹೋಗುತ್ತಿದ್ದರೋ, ಯಾವ ಫಾರ್ಮುಲಾದಿಂದಲೂ ಹೇಳಲಾಗದು.

ಝೆರ್ಮಾಟಿಗೆ ಬಂದು ಸುದ್ದಿ ಹೇಳಿದರು. ಮೂರು ಶವ ಸಿಕ್ಕಿತು, ಡಗ್ಲಸ್‌ನದು ಇವತ್ತಿನವರೆಗೂ ಸಿಕ್ಕಿಲ್ಲ. ವಿಚಾರಣೆ ನಡೆಯಿತು. ಹಾಡೊ ಜಾರಿದ್ದೇ ಕಾರಣ, ಯಾರದೂ ಅಪರಾಧ ಇಲ್ಲ ಅಂತ ತೀರ್ಪಾಯಿತು. ಆದರೆ ಊರಿನ ಬಾಯಿ ಮುಚ್ಚಲಿಲ್ಲ. ತಾನು ಉಳಿಯಲಿಕ್ಕೆ ಹಿರಿಯ ಟೌಗ್‌ವಾಲ್ಡರ್ ಹಗ್ಗ ಕತ್ತರಿಸಿದ ಅಂತ ಸುದ್ದಿ ಹಬ್ಬಿತು. ಹಗ್ಗದ ತುದಿ ನೋಡಿದವರಿಗೆ ಅದು ಕತ್ತರಿಸಿದ್ದಲ್ಲ, ಹರಿದದ್ದು ಅಂತ ಗೊತ್ತಾಗುತ್ತದೆ. ವಿಂಪರ್ ಕೂಡ ಕತ್ತರಿಸಿದ ಅನ್ನುವ ಮಾತನ್ನು ಒಪ್ಪಲಿಲ್ಲ. ಆದರೆ ಆ ದುರ್ಬಲ ಹಗ್ಗವನ್ನೇ ಪೀಟರ್ ಯಾಕೆ ಆರಿಸಿದ ಅನ್ನುವ ಪ್ರಶ್ನೆಯನ್ನು ಬಿಟ್ಟುಬಿಡಲೂ ಇಲ್ಲ. ಬರವಣಿಗೆಯಲ್ಲಿ ಅದನ್ನು ಹಾಗೇ ಉಳಿಸಿದ. ಓದುವವರ ಮನಸ್ಸಿನಲ್ಲಿ ಸಂಶಯ ಗೈಡಿನ ಮೇಲೆಯೇ ಕೂತಿತು.

ಇಲ್ಲಿ ನನಗೆ ವಿಂಪರ್ ಇಷ್ಟ ಆಗುವುದಿಲ್ಲ. ಹಗ್ಗ ಅವನದ್ದು. ಯಾವುದು ಗಟ್ಟಿ, ಯಾವುದು ಅಲ್ಲ ಅಂತ ಚೆನ್ನಾಗಿ ಗೊತ್ತಿದ್ದವನು ಅವನು. ಟೆಂಟಿನ ಹೊಲಿಗೆಯವರೆಗೆ ಲೆಕ್ಕ ಇಟ್ಟವನು, ಗೆದ್ದ ಖುಷಿಯಲ್ಲಿ ಚಿತ್ರ ಬರೆಯುತ್ತ ಕೂತು ಗಂಟು ನೋಡಲಿಲ್ಲ. ಆಮೇಲೆ ಸೇರಿಕೊಂಡಾಗಲೂ ನೋಡಲಿಲ್ಲ. ಟೌಗ್‌ವಾಲ್ಡರ್‌ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ತನ್ನ ಮಾತು ಹೇಳಿಕೊಳ್ಳುವ ದಾರಿ ಇರಲಿಲ್ಲ. ಊರಲ್ಲಿ ಇರಲಾಗದೆ ಸ್ವಲ್ಪ ಕಾಲ ಅಮೆರಿಕಕ್ಕೆ ಹೋಗಿ ಬಂದ, 1888ರಲ್ಲಿ ಆ ಬೆಟ್ಟದ ಬುಡದಲ್ಲೇ ತೀರಿಕೊಂಡ.

ವಿಂಪರಿಗೆ ಆಗ ಇಪ್ಪತ್ತೈದು. ಅವನೂ ಆ ದಿನದಿಂದ ಬಿಡಿಸಿಕೊಳ್ಳಲಿಲ್ಲ. 1871ರಲ್ಲಿ ತಾನೇ ಕೆತ್ತಿದ ಚಿತ್ರಗಳ ಜೊತೆ ತನ್ನ ಆಲ್ಪ್ಸ್ ಪುಸ್ತಕ ತಂದ, ಅದು ಹೆಸರು ಕೊಟ್ಟಿತು. ಆಲ್ಪ್ಸಿನಲ್ಲಿ ಹೊಸ ಶಿಖರಗಳ ಬೆನ್ನು ಹತ್ತುವುದನ್ನು ಬಿಟ್ಟ. ಗ್ರೀನ್‌ಲ್ಯಾಂಡಿಗೆ ಎರಡು ಸಲ ಹೋದ. 1879ರಲ್ಲಿ ಈಕ್ವೆಡಾರಿಗೆ ಹೊರಟಾಗ ಗೈಡಾಗಿ ಕರೆದದ್ದು ಯಾರನ್ನು ಗೊತ್ತುಂಟಾ? ಅದೇ ಕರೆಲನ್ನು! ಮ್ಯಾಟರ್‌ಹಾರ್ನಿನ ಮೂರೇ ದಿನದಲ್ಲಿ, ಜುಲೈ 17ಕ್ಕೆ, ಇಟಲಿಯ ಕಡೆಯಿಂದಲೇ ಹತ್ತಿ ತನ್ನ ಹಟ ತೀರಿಸಿಕೊಂಡಿದ್ದ ಕರೆಲ್. ಇಬ್ಬರೂ ಸೇರಿ 1880ರ ಜನವರಿ 4ರಂದು ಆರು ಸಾವಿರ ಮೀಟರ್ ಮೀರಿದ ಚಿಂಬೊರಾಜೊವನ್ನು ಮೊದಲ ಬಾರಿಗೆ ಹತ್ತಿದರು. ಎತ್ತರದಲ್ಲಿ ಮನುಷ್ಯನಿಗೆ ಯಾಕೆ ತಲೆ ಸಿಡಿಯುತ್ತದೆ, ಉಸಿರು ಕಟ್ಟುತ್ತದೆ ಅಂತ ತನ್ನ ಮೈಮೇಲೆಯೇ ನೋಡಿ ಬರೆದಿಟ್ಟ. ಎತ್ತರ ಅಳೆಯುವ ಅನೆರಾಯ್ಡ್ ಬ್ಯಾರೋಮೀಟರ್‌ಗಳು ಎಷ್ಟು ತಪ್ಪು ತೋರಿಸುತ್ತವೆ ಅಂತ ಪರೀಕ್ಷೆ ಮಾಡಿ ಒಂದು ಪುಸ್ತಿಕೆಯನ್ನೇ ತಂದ. ಕರೆಲ್ 1890ರಲ್ಲಿ ಹಿಮಗಾಳಿಯಲ್ಲಿ ತನ್ನ ಜೊತೆಗಿದ್ದವರನ್ನು ಮ್ಯಾಟರ್‌ಹಾರ್ನಿನಿಂದ ಕೆಳಗೆ ತಲುಪಿಸಿ, ಆಮೇಲೆ ತಾನು ಸತ್ತ.

ಅಷ್ಟರಲ್ಲಿ ಫೋಟೋ ಅಚ್ಚು ಬಂದು ಮರದ ಕೆತ್ತನೆಯ ಕಸುಬು ಮುಗಿದಿತ್ತು. ವಿಂಪರ್ ಭಾಷಣ ಮಾಡಿ, ಪುಸ್ತಕ ಮಾರಿ ಬದುಕಿದ. 1896ರಲ್ಲಿ ಶಮೊನಿಗೆ, 1897ರಲ್ಲಿ ಝೆರ್ಮಾಟಿಗೆ ಪ್ರವಾಸಿಗರ ಗೈಡ್‌ಬುಕ್ ಬರೆದ. ಎಲ್ಲಿ ಉಳಿಯಬೇಕು, ಯಾವ ದಾರಿ, ಎಷ್ಟು ಹೊತ್ತು, ಏನು ತರಬೇಕು ಎಲ್ಲ ಅದರಲ್ಲಿ. ನಮ್ಮ ಎಕ್ಸೆಲ್ ಶೀಟಿನ ಅಜ್ಜ ಅಂದರೂ ತಪ್ಪಿಲ್ಲ. ಸಾಯುವವರೆಗೂ ಆ ಪುಸ್ತಕಗಳನ್ನು ತಿದ್ದಿ ಹೊಸ ಆವೃತ್ತಿ ತರುತ್ತಲೇ ಇದ್ದ. 65ರ ವಯಸ್ಸಿಗೆ ಮದುವೆಯಾದ, ಒಬ್ಬಳು ಮಗಳು ಹುಟ್ಟಿದಳು, ಸಂಸಾರ ಉಳಿಯಲಿಲ್ಲ. 1911ರ ಸೆಪ್ಟೆಂಬರಿನಲ್ಲಿ ಶಮೊನಿಯ ಹೋಟೆಲಿನಲ್ಲಿ ಮೈ ಹುಷಾರಿಲ್ಲದಾಗ ಡಾಕ್ಟರನ್ನು ಹತ್ತಿರ ಸೇರಿಸದೆ ಬಾಗಿಲು ಹಾಕಿಕೊಂಡು, 16ನೇ ತಾರೀಕು ಒಬ್ಬನೇ ತೀರಿಕೊಂಡ. ಕ್ರೋನ ಊರಿನಲ್ಲೇ ಅವನ ಸಮಾಧಿ ಉಂಟು. ಕ್ರೋನದ್ದು ಝೆರ್ಮಾಟಿನ ಚರ್ಚಿನ ಬದಿಯಲ್ಲಿ.

ಆ ತುಂಡಾದ ಹಗ್ಗ ಈಗ ಝೆರ್ಮಾಟಿನ ಮ್ಯೂಸಿಯಮ್ಮಿನಲ್ಲಿ ಗಾಜಿನ ಒಳಗೆ ಇದೆ. ಫೋಟೋದಲ್ಲಿ ನೋಡಿದರೆ ನಮ್ಮೂರಲ್ಲಿ ದನ ಕಟ್ಟುವ ಬಳ್ಳಿಗಿಂತಲೂ ಸಪೂರ ಕಾಣುತ್ತದೆ. ಮೂರನೇ ದಿನದ ಸಾಲಲ್ಲಿ ಅದನ್ನೂ ಸೇರಿಸಿದ್ದೇನೆ. ದುಡ್ಡಿನ ಕಾಲಂ ಇನ್ನೂ ಖಾಲಿಯೇ ಉಂಟು.